ಬರ, ಪೆಟ್ರೋಲು ಮತ್ತು 76 ರೂಪಾಯಿ ಗೋಧಿ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ ಕೆಲವು ಅಂಕಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಲೋಕಲ್ ಟ್ರೇನಿನಲ್ಲೋ ಮೆಟ್ರೋದಲ್ಲೋ ನಿಂತುಕೊಂಡು ಓದೋರಿಗೆ ಇದೇ ಅನುಕೂಲ.

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಒಂದು ವಿಚಿತ್ರ ಜಿಗಿತ ಇದೆ. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ ಗೆದ್ದೆವು. ಪುಟ ತಿರುಗಿಸಿದರೆ 1975ರ ಜೂನ್, ತುರ್ತು ಪರಿಸ್ಥಿತಿ. ನಡುವಿನ ಮೂರೂವರೆ ವರ್ಷ ಎಲ್ಲಿ ಹೋಯ್ತು? "ಬೆಲೆ ಏರಿಕೆ, ಜನರ ಅಸಮಾಧಾನ" ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಡ್ತಾರೆ. ಆದರೆ ಆ ಮೂರೂವರೆ ವರ್ಷದಲ್ಲಿ ಮಳೆ ಕೈಕೊಟ್ಟಿತು, ಧಾನ್ಯ ಮಾಯವಾಯಿತು, ಕರೆಂಟ್ ಹೋಯಿತು, ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಇವು ನಾಲ್ಕು ಬೇರೆ ಬೇರೆ ಕಷ್ಟಗಳಲ್ಲ, ಒಂದು ಇನ್ನೊಂದನ್ನು ಎಳೆದುಕೊಂಡು ಬಂದವು. ದೆಹಲಿ ಮಾತ್ರ ಅವನ್ನು ಬೇರೆ ಬೇರೆ ಸಚಿವಾಲಯದ ಬೇರೆ ಬೇರೆ ಫೈಲು ಅಂತಲೇ ನೋಡಿತು. ಆಗ ತೆಗೆದುಕೊಂಡ ಕೆಲವು ತೀರ್ಮಾನಗಳು ಒಂದೇ ವರ್ಷದಲ್ಲಿ ನೆಲಕಚ್ಚಿದವು, ಕೆಲವು ಇವತ್ತಿಗೂ ನಮ್ಮ ಸಂಬಳದಲ್ಲಿ, ಕರೆಂಟ್ ಬಿಲ್ಲಿನಲ್ಲಿ ಕೂತಿವೆ. ನನಗೆ ಆಸಕ್ತಿ ಇರೋದು ಯಾವುದು ಬಿತ್ತು, ಯಾವುದು ನಿಂತಿತು, ಯಾಕೆ ಅನ್ನೋದರಲ್ಲಿ.

ಕಥೆ ಶುರುವಾಗೋದು ದೆಹಲಿಯಲ್ಲಲ್ಲ, ಪೆರು ದೇಶದ ಕಡಲಿನಲ್ಲಿ. ಅಲ್ಲಿನ ಕರಾವಳಿಯ ನೀರು ಸಾಮಾನ್ಯವಾಗಿ ತಣ್ಣಗಿರುತ್ತೆ. 1972ರಲ್ಲಿ ಅದು ಬೆಚ್ಚಗಾಯಿತು. ಇದಕ್ಕೆ ಎಲ್ ನಿನ್ಯೊ ಅಂತ ಹೆಸರು, ಈಗ ಪ್ರತಿ ಬೇಸಿಗೆಯಲ್ಲೂ ಟಿವಿಯವರು ಹೇಳೋ ಪದ. ಅದು ಬಂದ ವರ್ಷ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚು. ಆ ವರ್ಷ ದೇಶದ ಮುಂಗಾರು ಮಳೆ ವಾಡಿಕೆಗಿಂತ ಸುಮಾರು 24 ಶೇಕಡಾ ಕಮ್ಮಿಯಾಯಿತು. ಪೆರುವಿನ ಆಂಚೊವಿ ಮೀನುಗಾರಿಕೆ ಕುಸಿದುಬಿತ್ತು. ಆ ಸಣ್ಣ ಮೀನಿನ ಪುಡಿ ಆಗ ಯೂರೋಪು, ಅಮೆರಿಕದ ಕೋಳಿ ಹಂದಿಗಳ ಮೇವು. ಅದು ಸಿಗದಿದ್ದಾಗ ಎಲ್ಲರೂ ಸೋಯಾ ಮೇಲೆ ಮುಗಿಬಿದ್ದರು, 1973ರ ಜೂನಿನಲ್ಲಿ ಅಮೆರಿಕ ತನ್ನ ಸೋಯಾ ರಫ್ತನ್ನೇ ನಿಲ್ಲಿಸಿತು. ಕಡಲು ಬೆಚ್ಚಗಾದರೆ ಅಷ್ಟು ದೂರದ ಹಂದಿಯ ಮೇವು ತುಟ್ಟಿಯಾಗುತ್ತೆ. (ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. 1972ರ ಬರವನ್ನು ನಾನು "ಹವಾಮಾನ ಬದಲಾವಣೆ" ಅಂತ ಕರೀತಾ ಇಲ್ಲ. ಅದು ಹವಾಮಾನದ ಹಳೇ ಸ್ವಭಾವ. ಬದಲಾವಣೆಯ ಮಾತು ಕೊನೆಗೆ ಬರುತ್ತೆ.)

ಅದೇ ವರ್ಷ ಸೋವಿಯತ್ ಒಕ್ಕೂಟದಲ್ಲೂ ಬೆಳೆ ಕೆಟ್ಟಿತು. ಮಾಸ್ಕೋದವರು ಬಾಯಿ ಬಿಡಲಿಲ್ಲ. 1972ರ ಬೇಸಿಗೆಯಲ್ಲಿ ಸದ್ದಿಲ್ಲದೆ ಅಮೆರಿಕದ ಮಾರುಕಟ್ಟೆಗೆ ಹೋಗಿ ಒಂದು ಕೋಟಿ ಟನ್ನಿಗೂ ಹೆಚ್ಚು ಗೋಧಿ ಕೊಂಡುಕೊಂಡರು, ಅಂದ್ರೆ ಅಮೆರಿಕದ ಬೆಳೆಯಲ್ಲಿ ಸುಮಾರು ಕಾಲು ಭಾಗ. ಅದೂ ಅಮೆರಿಕ ಸರ್ಕಾರವೇ ರಫ್ತಿಗೆ ಸಬ್ಸಿಡಿ ಕೊಟ್ಟು ಮಾರಿದ ದರದಲ್ಲಿ! ವಿಷಯ ಹೊರಗೆ ಬರುವ ಹೊತ್ತಿಗೆ ಅಗ್ಗದ ಗೋಧಿ ಮುಗಿದಿತ್ತು. ಅಲ್ಲಿಂದ ಒಂದೂವರೆ ವರ್ಷದಲ್ಲಿ ಜಾಗತಿಕ ಮಾರುಕಟ್ಟೆಯ ಗೋಧಿ ಬೆಲೆ ಮೂರು ಪಟ್ಟಿಗೂ ಹೆಚ್ಚಾಯಿತು.

ನಾವು ಮಾರುಕಟ್ಟೆಗೆ ಹೋಗಿದ್ದು ತಡವಾಗಿ. ಅದಕ್ಕೆ ಕಾರಣ ಇತ್ತು. 1960ರ ದಶಕದಲ್ಲಿ ಅಮೆರಿಕದ ಪಿ.ಎಲ್. 480 ಗೋಧಿಯ ಹಡಗುಗಳಿಗಾಗಿ ಕಾದು ಕೂತ ಅವಮಾನ ದೆಹಲಿಗೆ ಚೆನ್ನಾಗಿ ನೆನಪಿತ್ತು. ಹಸಿರು ಕ್ರಾಂತಿಯಿಂದ ಪಂಜಾಬು, ಹರಿಯಾಣದ ಗೋಧಿ ಏರಿತ್ತು. 1970-71ರಲ್ಲಿ ದೇಶದ ಆಹಾರಧಾನ್ಯ ಉತ್ಪಾದನೆ 10.84 ಕೋಟಿ ಟನ್. 1971ರ ಕೊನೆಗೆ ಇನ್ನು ರಿಯಾಯಿತಿ ಗೋಧಿ ಬೇಡ ಅಂತ ಹೇಳಿಬಿಟ್ಟೆವು. ಆ ಸ್ವಾಭಿಮಾನ ತಪ್ಪು ಅಂತ ನಾನು ಹೇಳಲಾರೆ. ಆದರೆ ಬಾಂಗ್ಲಾದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರಿಗೆ ಅನ್ನ ಹಾಕಿದ್ದೂ ಅದೇ ಗೋದಾಮುಗಳಿಂದ. 1972-73ರಲ್ಲಿ ಉತ್ಪಾದನೆ 9.70 ಕೋಟಿ ಟನ್ನಿಗೆ ಇಳಿಯಿತು. ಒಂದು ಕೋಟಿ ಟನ್ನಿಗೂ ಮಿಕ್ಕಿದ ಖೋತಾ, ಅದೂ ಜಗತ್ತಿನಲ್ಲೇ ಗೋಧಿ ದುಬಾರಿಯಾದ ವರ್ಷ.

ಈಗ ಗಂಟು ಎಲ್ಲಿ ಬಿತ್ತು ನೋಡಿ. ಮಳೆ ಇಲ್ಲ ಅಂದ್ರೆ ಬೆಳೆ ಇಲ್ಲ, ಇದು ಎಲ್ಲರಿಗೂ ಗೊತ್ತು. ಮಳೆ ಇಲ್ಲ ಅಂದ್ರೆ ಅಣೆಕಟ್ಟಿನಲ್ಲಿ ನೀರೂ ಇಲ್ಲ, ಕರೆಂಟೂ ಇಲ್ಲ. ಆಗ ದೇಶದ ವಿದ್ಯುತ್ತಿನಲ್ಲಿ ನೀರಿನ ಪಾಲು ಈಗಿಗಿಂತ ಎಷ್ಟೋ ದೊಡ್ಡದು. ನಮ್ಮ ಊರಿನದ್ದೇ ತಗೊಳ್ಳಿ: 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರ ಶುರುವಾಗುವವರೆಗೆ ಕರ್ನಾಟಕದ ಕರೆಂಟು ಹೆಚ್ಚುಕಮ್ಮಿ ಪೂರ್ತಿ ನೀರಿನದ್ದೇ. ಲಿಂಗನಮಕ್ಕಿ ತುಂಬದಿದ್ದರೆ ಶರಾವತಿಯಲ್ಲಿ ಯಂತ್ರ ನಿಲ್ಲುತ್ತೆ, ಬೆಂಗಳೂರಿನ ಕಾರ್ಖಾನೆಗೆ ಕಟ್ ಆಗುತ್ತೆ. ಪಂಜಾಬಿನ ನಂಗಲ್‌ನಲ್ಲಿ ಇನ್ನೂ ಸ್ವಾರಸ್ಯದ ಕೊಂಡಿ ಇತ್ತು. ಅಲ್ಲಿನ ಗೊಬ್ಬರ ಕಾರ್ಖಾನೆ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆದು, ಅದರಿಂದ ಗೊಬ್ಬರ ಮಾಡುತ್ತಿತ್ತು. ಅಂದ್ರೆ ಹಿಮಾಚಲದ ಬೆಟ್ಟದಲ್ಲಿ ನೀರು ಕಮ್ಮಿಯಾದರೆ ಬಯಲಿನ ಹೊಲಕ್ಕೆ ಎರಡು ಏಟು. ಒಂದು ಕಾಲುವೆಯಲ್ಲಿ, ಇನ್ನೊಂದು ಗೊಬ್ಬರದ ಚೀಲದಲ್ಲಿ. ಉಳಿದ ಗೊಬ್ಬರ ಕಾರ್ಖಾನೆಗಳಲ್ಲಿ ಬಹುಪಾಲು ನಾಫ್ತಾದ ಮೇಲೆ ನಡೆಯುತ್ತಿದ್ದವು, ಅದು ಕಚ್ಚಾ ತೈಲದಿಂದ ಬರೋದು. ಹಸಿರು ಕ್ರಾಂತಿಯ ಹೊಸ ತಳಿಗಳು ಗೊಬ್ಬರ, ನೀರು ಎರಡೂ ಇಲ್ಲದೆ ಬೆಳೆಯೋವಲ್ಲ. ಕರೆಂಟ್ ಇಲ್ಲದಾಗ ಪಂಪ್‌ಸೆಟ್ಟಿಗೆ ಡೀಸೆಲ್ ಬೇಕು. ನಮ್ಮ ಅನ್ನ ಅಷ್ಟು ಹೊತ್ತಿಗಾಗಲೇ ಅರ್ಧ ಎಣ್ಣೆಯದ್ದಾಗಿತ್ತು, ಅದನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ.

ಇಂಥ ಹೊತ್ತಿನಲ್ಲಿ ಕೇಂದ್ರ ಸರ್ಕಾರ ಹಿಡಿದ ದೊಡ್ಡ ಅಸ್ತ್ರ ಯಾವುದು ಗೊತ್ತಾ? ಗೋಧಿಯ ಸಗಟು ವ್ಯಾಪಾರವನ್ನೇ ತಾನು ತೆಗೆದುಕೊಂಡಿದ್ದು.

1973ರ ಏಪ್ರಿಲ್, ಹಿಂಗಾರಿ ಗೋಧಿ ಮಂಡಿಗೆ ಬರುವ ಕಾಲ. ಆಹಾರ ಸಚಿವರು ಫಕ್ರುದ್ದೀನ್ ಅಲಿ ಅಹ್ಮದ್, ಮುಂದೆ ರಾಷ್ಟ್ರಪತಿಯಾದವರು. ಖಾಸಗಿ ಸಗಟು ವ್ಯಾಪಾರಿಗಳು ಇನ್ನು ಗೋಧಿ ಕೊಳ್ಳುವಂತಿಲ್ಲ, ಕೊಳ್ಳೋದು ಆಹಾರ ನಿಗಮ ಮತ್ತು ರಾಜ್ಯಗಳ ಏಜೆನ್ಸಿಗಳು ಮಾತ್ರ. ದರ ಕ್ವಿಂಟಲಿಗೆ 76 ರೂಪಾಯಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಖಾಸಗಿಯವರು ಗೋಧಿ ಸಾಗಿಸುವಂತಿಲ್ಲ. ಗುರಿ 81 ಲಕ್ಷ ಟನ್.

ಈ ಯೋಚನೆಯ ಹಿಂದಿನ ಸಿಟ್ಟು ನನಗೆ ಅರ್ಥವಾಗುತ್ತೆ. ಬರ ಬಂದಾಗ ಗೋದಾಮಿಗೆ ಬೀಗ ಹಾಕಿ ಬೆಲೆ ಏರೋದನ್ನು ಕಾಯೋ ವ್ಯಾಪಾರಿ ಕಲ್ಪನೆಯ ಪಾತ್ರ ಅಲ್ಲ. ಮುಂಬೈಯ ಹೆಂಗಸರು ಅವನನ್ನು ಕಣ್ಣಾರೆ ಕಂಡಿದ್ದರು. 1972ರಲ್ಲೇ ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮೊದಲಾದವರು ಬೆಲೆ ಏರಿಕೆ ವಿರುದ್ಧ ಮಹಿಳೆಯರ ಜಂಟಿ ಸಮಿತಿ ಕಟ್ಟಿ, ಕೈಯಲ್ಲಿ ತಟ್ಟೆ, ಲಟ್ಟಣಿಗೆ ಹಿಡಿದು ಬೀದಿಗೆ ಬಂದಿದ್ದರು. ರಾತ್ರಿ ಮನೆಮನೆಯಿಂದ ತಟ್ಟೆ ಬಡಿಯುವ ಸದ್ದು ಕೇಳುತ್ತಿತ್ತಂತೆ. ಕೊರೋನಾ ಕಾಲದ ತಟ್ಟೆ ಸದ್ದು ನೆನಪಾದರೆ ತಪ್ಪಿಲ್ಲ, ಆದರೆ ಆಗ ತಟ್ಟೆ ಬಡಿದದ್ದು ಅದು ಖಾಲಿ ಇದೆ ಅಂತ ಹೇಳೋಕೆ.

ಆದರೆ ಸಿಟ್ಟು ಬೇರೆ, ಲೆಕ್ಕ ಬೇರೆ. 76 ರೂಪಾಯಿ ಅನ್ನೋದು ಹಿಂದಿನ ಹಲವು ವರ್ಷಗಳಿಂದ ನಡೆದುಬಂದ ದರ, ಒಳ್ಳೆ ಬೆಳೆಯ ಕಾಲದ್ದು. ಬರ ಬಿದ್ದು, ಡೀಸೆಲ್ ತುಟ್ಟಿಯಾಗಿ, ಗೊಬ್ಬರ ಕಾಳಸಂತೆಗೆ ಹೋದ ವರ್ಷವೂ ಅದೇ ದರ! ಆಗ ಡಾಲರಿಗೆ ಸುಮಾರು ಎಂಟು ರೂಪಾಯಿ. 76 ರೂಪಾಯಿ ಕ್ವಿಂಟಲ್ ಅಂದ್ರೆ ಟನ್ನಿಗೆ 100 ಡಾಲರಿಗೂ ಕಮ್ಮಿ. 1974ರ ಆರಂಭಕ್ಕೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅದೇ ಗೋಧಿ 200 ಡಾಲರ್ ದಾಟಿತು. ಅಂದ್ರೆ ಹೊರದೇಶದ ರೈತನಿಗೆ ಎರಡು ಪಟ್ಟು ಕೊಡೋಕೆ ತಯಾರಿದ್ದ ಸರ್ಕಾರ ಕರ್ನಾಲ್‌ನ ರೈತನಿಗೆ ಮಾತ್ರ "76ಕ್ಕೆ ಕೊಡು, ದೇಶಸೇವೆ" ಅಂತ ಹೇಳಿತು. ಕರ್ನಾಲ್‌ನ ರೈತ ದಡ್ಡನಲ್ಲ. ಮನೆಯಲ್ಲೇ ಇಟ್ಟುಕೊಂಡ. ದೊಡ್ಡ ರೈತರಿಗೆ ಇಟ್ಟುಕೊಳ್ಳೋ ಶಕ್ತಿ ಇತ್ತು, ಸಾಲ ತೀರಿಸಬೇಕಾದ ಸಣ್ಣ ರೈತ ಮಾರಿದ. ವ್ಯಾಪಾರಿ ಹಿಂಬಾಗಿಲಿನಿಂದ ಹಳ್ಳಿಗೇ ಹೋಗಿ ಕೊಂಡ. ಮಂಡಿಗೆ ಬಂದಿದ್ದು ಸುಮಾರು 45 ಲಕ್ಷ ಟನ್, ಗುರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸರ್ಕಾರಿ ರೇಷನ್ ಅಂಗಡಿಯಲ್ಲಿ ಗೋಧಿ ಕಡಿತ, ಹೊರಗೆ ಅದರ ಎರಡರಷ್ಟು ಬೆಲೆ. ಅಕ್ಕಿಯ ವ್ಯಾಪಾರವನ್ನೂ ತೆಗೆದುಕೊಳ್ಳುವ ಯೋಜನೆ ಇತ್ತು, ಅದನ್ನು ಸದ್ದಿಲ್ಲದೆ ಕೈಬಿಟ್ಟರು. 1973ರ ಶರತ್ಕಾಲದಲ್ಲಿ ಸೋವಿಯತ್ ಒಕ್ಕೂಟ 20 ಲಕ್ಷ ಟನ್ ಗೋಧಿ ಸಾಲವಾಗಿ ಕೊಟ್ಟಿದ್ದರಿಂದ ಮರ್ಯಾದೆ ಉಳಿಯಿತು. ಹೌದು, ಹಿಂದಿನ ವರ್ಷ ಜಗತ್ತಿನ ಗೋಧಿ ಬಾಚಿಕೊಂಡಿದ್ದ ಅದೇ ಸೋವಿಯತ್.

1974ರ ಮಾರ್ಚಿನಲ್ಲಿ ಸರ್ಕಾರ ಹಿಂದೆ ಸರಿಯಿತು. ದರ 105 ರೂಪಾಯಿಗೆ ಏರಿತು. ಲೈಸೆನ್ಸ್ ಇರುವ ವ್ಯಾಪಾರಿಗಳು ಕೊಳ್ಳಬಹುದು, ಕೊಂಡದ್ದರಲ್ಲಿ ಅರ್ಧ ಸರ್ಕಾರಕ್ಕೆ ಲೆವಿ. ಒಂದೇ ವರ್ಷ ಬದುಕಿದ ನೀತಿ.

ಎಡದವರು ಇದನ್ನು "ಅಧಿಕಾರಶಾಹಿ ಹಾಳುಮಾಡಿತು" ಅಂತಾರೆ, ಬಲದವರು "ಸಮಾಜವಾದದ ಹುಚ್ಚು" ಅಂತಾರೆ. ನನಗೆ ಎರಡೂ ಅವಸರದ ತೀರ್ಪು ಅನಿಸುತ್ತೆ. ಒಳ್ಳೆ ದರ ಕೊಟ್ಟಿದ್ದರೆ ಸರ್ಕಾರ ಕೊಳ್ಳಬಹುದಿತ್ತು, ಮುಂದಿನ ದಶಕಗಳಲ್ಲಿ ಕೊಂಡಿತು ಕೂಡ. ಬೀಗ ಯಾರ ಕೈಯಲ್ಲಿದೆ ಅಂತ ಎಲ್ಲರೂ ಜಗಳವಾಡಿದರು. ಗೋದಾಮಿಗೆ ಧಾನ್ಯ ಬರಬೇಕಾದರೆ ನೀರು, ಕರೆಂಟು, ಗೊಬ್ಬರ, ಡೀಸೆಲ್ ಏನಾಗಬೇಕು ಅನ್ನೋ ಪ್ರಶ್ನೆ ಬೇರೆ ಫೈಲಿನಲ್ಲಿತ್ತು.

ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಇನ್ನೊಂದು ಥರದ ಕೆಲಸ ನಡೀತಾ ಇತ್ತು. ಮುಂಬೈ, ಪುಣೆಯ ಓದುಗರಿಗೆ ಇದು ನೇರ ಸಂಬಂಧಪಟ್ಟಿದ್ದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಮಹಾರಾಷ್ಟ್ರಕ್ಕೆ ಅದು ಒಂದೇ ವರ್ಷದ ಬರವಲ್ಲ, ಸತತ ಮೂರನೆಯದು. ಸೊಲ್ಲಾಪುರ, ಅಹಮದ್‌ನಗರ, ಬೀಡ್, ಔರಂಗಾಬಾದ್, ಪುಣೆಯ ಪೂರ್ವದ ತಾಲೂಕುಗಳು ಸುಟ್ಟುಹೋಗಿದ್ದವು. ಗಡಿಯ ಈಚೆ ಬಿಜಾಪುರ, ಗುಲ್ಬರ್ಗದ್ದೂ ಅದೇ ಪಾಡು. ಬರಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮಾತಾಡುವ ಹಳ್ಳಿಗಳ ಹಿರಿಯರನ್ನು "ಬಹಾತ್ತರ್‌ನ ಬರ" ಅಂತ ಕೇಳಿ ನೋಡಿ, ಅವರು ಮೊದಲು ಹೇಳೋದು ಕೆಂಪು ಮಿಲೋ ಜೋಳದ ಮಾತು. ಅಮೆರಿಕದಿಂದ ಬಂದ ಆ ಜೋಳದ ರೊಟ್ಟಿಯ ರುಚಿಯನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಆಮೇಲೆ ಬರೋದು ಸುಕಡಿ, ಕಾಮಗಾರಿಯ ಜಾಗದಲ್ಲಿ ಹಂಚುತ್ತಿದ್ದ ಪೌಷ್ಟಿಕ ಹಿಟ್ಟು. ಆಮೇಲೆ ಖಡಿ ಒಡೆದದ್ದು.

ವಸಂತರಾವ್ ನಾಯಕರ ಸರ್ಕಾರ ಧಾನ್ಯ ಹಂಚೋದಕ್ಕಿಂತ ಕೂಲಿ ಹಂಚೋದಕ್ಕೆ ಹೆಚ್ಚು ಒತ್ತು ಕೊಟ್ಟಿತು. ರಸ್ತೆ, ಕೆರೆ, ಇಂಗುಕೆರೆ, ಬದು, ಕಲ್ಲು ಒಡೆಯೋದು. ಕೇಳಿ ಬಂದವರಿಗೆ ಕೆಲಸ. 1973ರ ಮೇ ತಿಂಗಳಲ್ಲಿ ಈ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಇದ್ದರು. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಐದು ಕೋಟಿ ಚಿಲ್ಲರೆ. ಅಂದ್ರೆ ಮಕ್ಕಳು, ಮುದುಕರು, ಮುಂಬೈ ನಗರ ಎಲ್ಲ ಸೇರಿಸಿದರೂ ಹತ್ತು ಜನರಲ್ಲಿ ಒಬ್ಬರು ಬಿಸಿಲಿನಲ್ಲಿ ಸರ್ಕಾರಿ ಕೂಲಿ ಮಾಡುತ್ತಿದ್ದರು. ಕೂಲಿ ಕಮ್ಮಿ, ತಡವಾಗಿ ಬರುತ್ತಿತ್ತು, ಒಡೆದ ಖಡಿಯ ಎಷ್ಟೋ ರಾಶಿ ರಸ್ತೆಯನ್ನೇ ಕಾಣದೆ ಹಾಗೇ ಉಳಿಯಿತು. ಅದನ್ನು ಬಣ್ಣ ಹಚ್ಚಿ ಹೇಳಬೇಕಾಗಿಲ್ಲ. ಆದರೂ ಬೆಳೆ ಅಷ್ಟು ಕೆಟ್ಟ ವರ್ಷ ದೊಡ್ಡ ಕ್ಷಾಮದ ಸಾವು ಆಗಲಿಲ್ಲ. ಜ್ಯಾಂ ದ್ರೇಜ್, ಅಮರ್ತ್ಯ ಸೇನ್ ಈ ಬರವನ್ನು ವಿವರವಾಗಿ ನೋಡಿ ಬರೆದಿದ್ದಾರೆ. ಅವರು ತೋರಿಸಿದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಜನರ ಕೈಯಲ್ಲಿ ಕೂಲಿ ಇದ್ದದ್ದರಿಂದ ಧಾನ್ಯ ತಾನಾಗೇ ಮಹಾರಾಷ್ಟ್ರದ ಕಡೆ ಹರಿಯಿತು, ಸಾಗಣೆ ನಿಷೇಧವನ್ನು ಮುರಿದು, ಕಳ್ಳದಾರಿಯಲ್ಲಿ! ಕೇಂದ್ರದ ನೀತಿ ರಾಜ್ಯದ ಗಡಿ ಮುಚ್ಚುತ್ತಿತ್ತು, ರಾಜ್ಯದ ಕೂಲಿ ಆ ಗಡಿಯನ್ನು ತೂತು ಮಾಡುತ್ತಿತ್ತು. ಒಂದೇ ಪಕ್ಷ, ಒಂದೇ ವರ್ಷ.

ಈ ಕಾಮಗಾರಿಗಳ ಹಿಂದೆ ಒಂದು ಹಳೆಯ ಯೋಚನೆ ಇತ್ತು. ವಿಧಾನ ಪರಿಷತ್ತಿನ ಸಭಾಪತಿ ವಿ.ಸ. ಪಾಗೆ ಅವರು, ಸಾಂಗ್ಲಿ ಜಿಲ್ಲೆಯವರು, ಗಾಂಧಿ ಮಾರ್ಗದವರು, ಕೆಲಸ ಕೇಳಿದವನಿಗೆ ಕೆಲಸ ಕೊಡೋದು ಸರ್ಕಾರದ ಹೊಣೆ ಅಂತ ವಾದಿಸಿ, ತಾಸಗಾಂವ್ ತಾಲೂಕಿನಲ್ಲಿ ಪ್ರಯೋಗ ಮಾಡಿಸಿದ್ದರು. 1972ರಲ್ಲಿ ಅದು ಇಡೀ ರಾಜ್ಯದ ಯೋಜನೆಯಾಯಿತು, ಬರದ ಕಾಮಗಾರಿಗಳ ಗದ್ದಲದಲ್ಲಿ ಹಿಂದೆ ಸರಿದು, ಬರ ಮುಗಿದ ಮೇಲೆ ಮತ್ತೆ ಎದ್ದಿತು. ರೋಜಗಾರ್ ಹಮೀ ಯೋಜನಾ, ಅಂದ್ರೆ ಉದ್ಯೋಗ ಖಾತರಿ. 1977ರಲ್ಲಿ ಕಾಯ್ದೆ, 1979ರ ಜನವರಿ 26ರಿಂದ ಜಾರಿ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ, ಇಲ್ಲದಿದ್ದರೆ ಭತ್ಯೆ. 2005ರಲ್ಲಿ ಇಡೀ ದೇಶಕ್ಕೆ ಬಂದ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಅಮ್ಮ.

ದುಡ್ಡು ಯಾರು ಕೊಡಬೇಕು? ಇಲ್ಲಿ ನಿಮ್ಮ ಪೇಸ್ಲಿಪ್ ತೆಗೀರಿ. ನಾನು ಪುಣೆಯಲ್ಲಿ ಮೊದಲ ಸಂಬಳ ತಗೊಂಡಾಗ ಪಿ.ಟಿ. ಅಂತ 200 ರೂಪಾಯಿ ಕಟ್ ಆಗಿತ್ತು. ಅಕೌಂಟ್ಸ್‌ನವರನ್ನು ಕೇಳಿದರೆ "ಎಲ್ಲರಿಗೂ ಆಗುತ್ತೆ ಸರ್, ಫೆಬ್ರವರಿಯಲ್ಲಿ 300" ಅಂದರು. ಅದು ವೃತ್ತಿ ತೆರಿಗೆ. ವೃತ್ತಿ ತೆರಿಗೆ ಬೇರೆ ಹಲವು ರಾಜ್ಯಗಳಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ಆದರೆ ಮಹಾರಾಷ್ಟ್ರ 1975ರಲ್ಲಿ ಅದನ್ನು ಹಾಕಿದ್ದು ಈ ಉದ್ಯೋಗ ಖಾತರಿಗೆ ಹಣ ಹೊಂದಿಸೋಕೆ. ನಗರದ ಸಂಬಳದಾರ, ವಕೀಲ, ವ್ಯಾಪಾರಿ ಕೊಟ್ಟ ಹಣ ಬರದ ಹಳ್ಳಿಯ ಕೂಲಿಗೆ, ಅದಕ್ಕೆ ಸಮನಾಗಿ ಸರ್ಕಾರವೂ ಹಾಕಬೇಕು. ಇದರಲ್ಲಿ ಬರೀ ಕರುಣೆ ಇರಲಿಲ್ಲ. ಊರಲ್ಲಿ ಕೆಲಸ ಸಿಗದಿದ್ದರೆ ಆ ಜನ ಗಂಟುಮೂಟೆ ಕಟ್ಟಿಕೊಂಡು ಮುಂಬೈಗೆ ಬರ್ತಾರೆ ಅನ್ನೋ ಭಯವೂ ಇತ್ತು. ಹಾಗೆ ಬಂದವರಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗದ ಜನರೂ ಇದ್ದರು. ಅವರ ರಾಜ್ಯದಲ್ಲಿ ಇಂಥ ಖಾತರಿ ಇರಲಿಲ್ಲ, ಮುಂಬೈಯ ಕಟ್ಟಡಗಳ ಮಣ್ಣು ಹೊತ್ತರು. ಅವರ ಮೊಮ್ಮಕ್ಕಳಲ್ಲಿ ಕೆಲವರು ಇದನ್ನು ಓದುತ್ತಿರಬಹುದು, ಪಿ.ಟಿ. ಕಟ್ಟುತ್ತಿರಬಹುದು.

ಈಗ ಪೆಟ್ರೋಲು. 1973ರ ಅಕ್ಟೋಬರ್ 6ರಂದು ಅರಬ್-ಇಸ್ರೇಲ್ ಯುದ್ಧ ಶುರುವಾಯಿತು. ಅಮೆರಿಕಕ್ಕೂ ಅದರ ಕೆಲವು ಮಿತ್ರರಿಗೂ ಅರಬರು ತೈಲ ನಿಲ್ಲಿಸಿದರು. ನಾವು ಅರಬರ ಸ್ನೇಹಿತರು, ನಮಗೆ ನಿಲ್ಲಿಸಲಿಲ್ಲ. ಆದರೆ ಬೆಲೆಗೆ ಸ್ನೇಹ ಇಲ್ಲ. ಮೂರು ಡಾಲರಿನ ಆಸುಪಾಸಿನಲ್ಲಿದ್ದ ಬ್ಯಾರೆಲ್ 1974ರ ಜನವರಿ 1ಕ್ಕೆ 11.65 ಡಾಲರ್. ನಮ್ಮ ತೈಲ ಆಮದಿನ ಬಿಲ್ 1972-73ರಲ್ಲಿ 204 ಕೋಟಿ ರೂಪಾಯಿ, ಮರುವರ್ಷ 560 ಕೋಟಿ, ಅದರ ಮರುವರ್ಷ 1,157 ಕೋಟಿ. ನವೆಂಬರಿನಲ್ಲಿ ಪೆಟ್ರೋಲ್ ದರ ಏರಿಸಿದಾಗ ವಾಜಪೇಯಿ ಎತ್ತಿನ ಗಾಡಿ ಹತ್ತಿ ಸಂಸತ್ತಿಗೆ ಹೋದರು. ಆ ಫೋಟೋ ಇವತ್ತಿಗೂ ಪೆಟ್ರೋಲ್ ಏರಿದಾಗಲೆಲ್ಲ ವಾಟ್ಸಾಪಿನಲ್ಲಿ ಸುತ್ತುತ್ತೆ, ಆಳುವ ಪಕ್ಷ ಯಾವುದೇ ಇರಲಿ.

ಆದರೆ ಪೆಟ್ರೋಲ್ ಆಗ ಕಾರಿನವರ ವಿಷಯ. ನಿಜವಾದ ಏಟು ಗೊಬ್ಬರಕ್ಕೆ ಬಿತ್ತು. ಜಾಗತಿಕ ಯೂರಿಯಾ ಬೆಲೆ ಹಲವು ಪಟ್ಟು ಏರಿತು, ಕೊಳ್ಳಲು ಡಾಲರ್ ಇರಲಿಲ್ಲ. 1974ರ ಜೂನಿನಲ್ಲಿ ಸರ್ಕಾರ ಯೂರಿಯಾ ದರವನ್ನು ಟನ್ನಿಗೆ 1,050 ರೂಪಾಯಿಯಿಂದ 2,000ಕ್ಕೆ ಏರಿಸಿತು. ಗೋಧಿ ದರ 76ರಿಂದ 105, ಗೊಬ್ಬರ ಹೆಚ್ಚುಕಮ್ಮಿ ದುಪ್ಪಟ್ಟು. ರೈತ ಗೊಬ್ಬರ ಕಮ್ಮಿ ಹಾಕಿದ. ಮಳೆಯೂ ಮತ್ತೆ ಕೈಕೊಟ್ಟಿತು. 1974-75ರಲ್ಲಿ ಉತ್ಪಾದನೆ ಮತ್ತೆ ಹತ್ತು ಕೋಟಿ ಟನ್ನಿನ ಕೆಳಗೆ.

ಇದೆಲ್ಲ ಬೀದಿಗೆ ಬಂದ ಬಗೆ ನಿಮಗೆ ಗೊತ್ತಿರಬಹುದು. ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಹುಡುಗರು 1973ರ ಡಿಸೆಂಬರಿನಲ್ಲಿ ಮೆಸ್ ಬಿಲ್ ಏರಿದ್ದಕ್ಕೆ ಗಲಾಟೆ ಶುರುಮಾಡಿದರು. ಫೆಬ್ರವರಿಗೆ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರ ರಾಜೀನಾಮೆ. ಮೇ 8ಕ್ಕೆ ರೈಲ್ವೆ ಮುಷ್ಕರ, ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಸುಮಾರು 17 ಲಕ್ಷ ನೌಕರರು, ಇಪ್ಪತ್ತು ದಿನ. ನಾವು ಇದನ್ನು ಜಾರ್ಜ್ ಮತ್ತು ಇಂದಿರಾ ನಡುವಿನ ಕುಸ್ತಿ ಅಂತ ಹೇಳ್ತೀವಿ. ಆದರೆ ಬೇಡಿಕೆ ಬೋನಸ್ಸು, ತುಟ್ಟಿಭತ್ಯೆ. ಜೋಳ, ಎಣ್ಣೆ, ಸೀಮೆಎಣ್ಣೆ ತುಟ್ಟಿಯಾಗದಿದ್ದರೆ ಆ ಮುಷ್ಕರಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ. ರೈಲು ನಿಂತರೆ ಕಲ್ಲಿದ್ದಲು ನಿಲ್ಲುತ್ತೆ, ಕಲ್ಲಿದ್ದಲು ನಿಂತರೆ ಕರೆಂಟು, ಧಾನ್ಯದ ವ್ಯಾಗನ್ನೂ ನಿಲ್ಲುತ್ತೆ. ಸರ್ಕಾರ ಅಷ್ಟು ಕ್ರೂರವಾಗಿ ಮುಷ್ಕರ ಮುರಿದದ್ದಕ್ಕೆ ಇದೂ ಒಂದು ಕಾರಣ, ಅದು ಸಮರ್ಥನೆಯಲ್ಲ. ಜುಲೈಯಲ್ಲಿ ಸುಗ್ರೀವಾಜ್ಞೆ: ಸಂಬಳ ಏರಿಕೆಯನ್ನೂ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನೂ ಕಡ್ಡಾಯ ಠೇವಣಿ ಇಡಬೇಕು. ಸೆಪ್ಟೆಂಬರ್ ಹೊತ್ತಿಗೆ ಸಗಟು ಬೆಲೆ ಏರಿಕೆ 30 ಶೇಕಡಾ ದಾಟಿ, ಅಲ್ಲಿಂದ ಇಳಿಯತೊಡಗಿತು. 1975ರ ಮುಂಗಾರು ಚೆನ್ನಾಗಿ ಬಂತು, ಉತ್ಪಾದನೆ 12.1 ಕೋಟಿ ಟನ್. ಮಳೆಗೆ ಸಲ್ಲಬೇಕಾದ ಹೆಸರನ್ನು ತುರ್ತು ಪರಿಸ್ಥಿತಿ ಹೊಡೆದುಕೊಂಡಿತು. "ಆಗ ಬೆಲೆ ಇಳಿದಿತ್ತು, ರೈಲು ಟೈಮಿಗೆ ಬರ್ತಿತ್ತು" ಅನ್ನೋ ಹಿರಿಯರಿಗೆ ಈ ತಿಂಗಳುಗಳ ಲೆಕ್ಕ ತೋರಿಸಿ.

ಇನ್ನು ಉಳಿದುಕೊಂಡ ತೀರ್ಮಾನಗಳಿಗೆ ಬರ್ತೀನಿ. ಮೊದಲನೆಯದು ಕಲ್ಲಿದ್ದಲು. 1972ರ ಜೂನಿನಲ್ಲಿ, ಆ ಮುಂಗಾರು ಕೈಕೊಡುವ ಹೊತ್ತಿಗೆ ಸರಿಯಾಗಿ, ಇಂದಿರಾ ಗಾಂಧಿ ಸ್ಟಾಕ್‌ಹೋಮಿನ ವಿಶ್ವಸಂಸ್ಥೆ ಪರಿಸರ ಸಮ್ಮೇಳನದಲ್ಲಿ ಬಡತನ ಮತ್ತು ಪರಿಸರವನ್ನು ಬೇರೆ ಮಾಡಿ ನೋಡಬೇಡಿ ಅಂತ ಮಾತಾಡಿ ಬಂದಿದ್ದರು. ಏಳು ತಿಂಗಳ ಮೇಲೆ, 1973ರ ಜನವರಿ ಕೊನೆಗೆ, ಅವರದ್ದೇ ಸರ್ಕಾರ ಖಾಸಗಿ ಕಲ್ಲಿದ್ದಲು ಗಣಿಗಳ ಆಡಳಿತ ತೆಗೆದುಕೊಂಡಿತು, ಮೇ 1ಕ್ಕೆ ರಾಷ್ಟ್ರೀಕರಣ. ತೈಲದ ಏಟು ಬಿದ್ದ ಮೇಲೆ ಇದು ದೂರದೃಷ್ಟಿಯಂತೆ ಕಂಡಿತು. ಅರ್ಥಶಾಸ್ತ್ರಜ್ಞ ಸುಖಮಯ್ ಚಕ್ರವರ್ತಿ ಅಧ್ಯಕ್ಷತೆಯ ಇಂಧನ ನೀತಿ ಸಮಿತಿ 1974ರಲ್ಲಿ ಕಲ್ಲಿದ್ದಲೇ ನಮ್ಮ ಮುಖ್ಯ ಇಂಧನ ಆಗಲಿ ಅಂದಿತು. 1973-74ರಲ್ಲಿ 7.8 ಕೋಟಿ ಟನ್ ಇದ್ದದ್ದು ಎರಡೇ ವರ್ಷದಲ್ಲಿ ಹತ್ತು ಕೋಟಿಯ ಹತ್ತಿರ ಬಂತು. 2024-25ರಲ್ಲಿ 100 ಕೋಟಿ ಟನ್ ದಾಟಿತು. ಮಳೆ ಕೈಕೊಟ್ಟರೂ ಕರೆಂಟ್ ಇರಲಿ ಅಂತ ಹಿಡಿದ ದಾರಿ ಇವತ್ತು ಮಳೆಯನ್ನೇ ಅಲ್ಲಾಡಿಸುವ ಹೊಗೆಯಲ್ಲಿ ಪಾಲುದಾರ. ಅವತ್ತಿನವರನ್ನು ಇದಕ್ಕೆ ಬೈಯೋದು ನನಗೆ ಸರಿ ಕಾಣಲ್ಲ. ಅವರಿಗೆ ಇದ್ದ ಚಿಂತೆ ಡಾಲರಿನದು, ಇಂಗಾಲ ಯಾರ ಲೆಕ್ಕದಲ್ಲೂ ಇರಲಿಲ್ಲ.

ಎರಡನೆಯದು ಮುಂಬೈ ಕಡಲಿನದು. ಜಪಾನಿನಲ್ಲಿ ಕಟ್ಟಿಸಿದ ಸಾಗರ್ ಸಮ್ರಾಟ್ ಎಂಬ ತೇಲುವ ರಿಗ್ 1974ರ ಫೆಬ್ರವರಿಯಲ್ಲಿ ಬಾಂಬೆ ಹೈನಲ್ಲಿ ತೈಲ ಮುಟ್ಟಿತು. 1976ರ ಮೇಯಲ್ಲಿ ಉತ್ಪಾದನೆ. ಅಲ್ಲಿನ ಅನಿಲದಿಂದ ಮುಂದೆ ಅಲಿಬಾಗ್ ಹತ್ತಿರದ ಥಳ್‌ನಲ್ಲಿ ಗೊಬ್ಬರ ಕಾರ್ಖಾನೆ ಎದ್ದಿತು. ಮೂರನೆಯದು ಸಬ್ಸಿಡಿ. ದರ ಏರಿಸಿದರೆ ರೈತ ಗೊಬ್ಬರ ಬಿಡ್ತಾನೆ ಅಂತ 1974 ಕಲಿಸಿದ್ದರಿಂದ, 1977ರ ನವೆಂಬರಿನಲ್ಲಿ ಕಾರ್ಖಾನೆಯ ಖರ್ಚು ಏನೇ ಆಗಲಿ ವ್ಯತ್ಯಾಸ ಸರ್ಕಾರ ಕೊಡುವ ಪದ್ಧತಿ ಬಂತು. ಯೂರಿಯಾ ಅಗ್ಗವಾಗೇ ಉಳಿಯಿತು, ಹೊಲದ ಮಣ್ಣು ಅದಕ್ಕೆ ಬೆಲೆ ತೆತ್ತಿತು.

ನಾಲ್ಕನೆಯದನ್ನು ಹೇಳದೆ ಬಿಟ್ಟರೆ ಚಿಕ್ಕಮಗಳೂರಿನವರು ಬಿಡಲ್ಲ. ತೈಲದ ಬಿಲ್ ಹೇಗೆ ತೀರಿಸೋದು ಅಂತ ದೆಹಲಿ ತೈಲ ಮಾರುವವರ ಹತ್ತಿರವೇ ಕೈಚಾಚಿತು. ಇರಾನಿನ ಷಾ ಹತ್ತಿರ ಹಣ ಹೇರಳವಾಗಿತ್ತು, ಅವನಿಗೆ ಉಕ್ಕಿನ ಕಾರ್ಖಾನೆಗೆ ಅದಿರು ಬೇಕಿತ್ತು. 1975ರಲ್ಲಿ ಒಪ್ಪಂದ: ಇರಾನಿನ ಸಾಲ, ಕುದುರೆಮುಖದ ಅದಿರು, ವರ್ಷಕ್ಕೆ 75 ಲಕ್ಷ ಟನ್. ಭದ್ರೆ ಹುಟ್ಟುವ ಕಾಡಿನಲ್ಲಿ ಗಣಿ, 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಪಣಂಬೂರಿಗೆ ಅದಿರು. 1979ರಲ್ಲಿ ಷಾ ಓಡಿಹೋದ, ಸಾಲ ನಡುವೆಯೇ ನಿಂತಿತು, 1980ರಲ್ಲಿ ಗಣಿ ಸಿದ್ಧವಾದಾಗ ಕೊಳ್ಳೋಕೆ ಅವನೇ ಇಲ್ಲ. ಬೇರೆ ಗಿರಾಕಿ ಹುಡುಕಿದರು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ಮುಚ್ಚಿತು. ಸಿನಾಯಿ ಮರುಭೂಮಿಯ ಯುದ್ಧಕ್ಕೂ ಪಶ್ಚಿಮ ಘಟ್ಟದ ಶೋಲಾ ಕಾಡಿಗೂ ಸಂಬಂಧ ಇಷ್ಟು ನೇರ.

ಇದೆಲ್ಲ ಹಳೇ ಕಥೆ ಅನಿಸಿದರೆ 2022ನ್ನು ನೆನಪು ಮಾಡಿಕೊಳ್ಳಿ, ದೆಹಲಿಯವರಿಗಂತೂ ಮರೆತಿರಲ್ಲ. ದಾಖಲೆ ಶುರುವಾದ 1901ರಿಂದ ಈಚೆಗೆ ಅತಿ ಬಿಸಿಯ ಮಾರ್ಚ್, ಕಾಳು ಕಟ್ಟುವ ಹೊತ್ತಿಗೆ ಗೋಧಿ ಬಾಡಿತು. ಉಕ್ರೇನ್ ಯುದ್ಧದಿಂದ ಗೋಧಿ, ಗ್ಯಾಸು, ಯೂರಿಯಾ ಮೂರೂ ತುಟ್ಟಿ. ಏಪ್ರಿಲಿನಲ್ಲಿ ಎ.ಸಿ. ಓಡಿಸಲು ಕಲ್ಲಿದ್ದಲು ಸಾಲದೆ, ವ್ಯಾಗನ್ನುಗಳಿಗೆ ದಾರಿ ಬಿಡಲು ಪ್ರಯಾಣಿಕರ ರೈಲು ರದ್ದು. ಬೆಂಬಲ ಬೆಲೆ ಕ್ವಿಂಟಲಿಗೆ 2,015 ರೂಪಾಯಿ, ಹೊರಗೆ ಅದಕ್ಕಿಂತ ಹೆಚ್ಚು, ರೈತರು ಹೊರಗೆ ಮಾರಿದರು. ಸರ್ಕಾರಿ ಖರೀದಿ ಹಿಂದಿನ ವರ್ಷದ 433 ಲಕ್ಷ ಟನ್ನಿನಿಂದ 188 ಲಕ್ಷ ಟನ್ನಿಗೆ ಬಿತ್ತು. ಈ ಸಲ ಯಾರೂ ವ್ಯಾಪಾರಿಯ ಬೀಗ ಮುರಿಯೋಕೆ ಹೋಗಲಿಲ್ಲ. ಮೇ 13ರಂದು ರಫ್ತು ನಿಲ್ಲಿಸಿದರು. ಅದೇ ತಿಂಗಳು ಉಚಿತ ರೇಷನ್ನಿನಲ್ಲಿ ಹಲವು ರಾಜ್ಯಗಳಿಗೆ ಗೋಧಿಯ ಬದಲು ಅಕ್ಕಿ ಕೊಟ್ಟರು, ಅಕ್ಕಿ ಗೋದಾಮಿನಲ್ಲಿ ಬೇಕಾದಷ್ಟಿತ್ತು. ಚಪಾತಿ ತಿನ್ನೋ ಉತ್ತರ ಪ್ರದೇಶದ ಮನೆಗಳವರು ಆ ಅಕ್ಕಿಯನ್ನು ಏನು ಮಾಡಿದರು ಅನ್ನೋದು ಬೇರೆ ಮಾತು.

ಮುಂದಿನ ಸಲ ಕುದುರೆಮುಖದ್ದೇ ಪೂರ್ತಿ ಕಥೆ ತಗೊಳ್ತೀನಿ. ಆ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದವರು, ಅಥವಾ 72ರ ಬರದಲ್ಲಿ ಖಡಿ ಒಡೆದವರು ನಿಮ್ಮ ಮನೆಯಲ್ಲಿದ್ದರೆ ಅವರ ಮಾತನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಗ ಇಪ್ಪತ್ತು ವಯಸ್ಸಿದ್ದವರಿಗೆ ಈಗ ಎಪ್ಪತ್ತು ದಾಟಿದೆ.